ಮಹಡಿ ಮೇಲಿನ ಸೊಪ್ರಾನೊ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಮಹಡಿ ಕೋಣೆಗೆ ಆರು ವಾರದ ಬಾಡಿಗೆಗೆ ಒಬ್ಬ ಹುಡುಗಿ ಬಂದಳು. ಎರಡು ಸೂಟ್‌ಕೇಸು, ಬಗಲಲ್ಲಿ ಸಣ್ಣದೊಂದು ಕೀಬೋರ್ಡು. ಮರುದಿನ ಬೆಳಿಗ್ಗೆ ಚಹಾ ಕೊಡಲು ಹತ್ತಿ ಹೋದರೆ, ಅರ್ಧ ಲೋಟ ನೀರಿಗೆ ಸ್ಟ್ರಾ ಇಳಿಬಿಟ್ಟು ಗುಳುಗುಳು ಗುಳ್ಳೆ ಎಬ್ಬಿಸುತ್ತಾ ಕೂತಿದ್ದಳು. ಅದೂ ಸ್ವರ ತಪ್ಪದೆ! ರಾತ್ರಿಯೆಲ್ಲ ಮಲಗಿದ್ದ ದನಿಯನ್ನು ಗಂಟಲಿಗೆ ನೋವಾಗದಂತೆ ಎಬ್ಬಿಸುವುದು ಹೀಗಂತೆ. ಸಂಜೆ ಸಾರು ಕೊಟ್ಟೆ, ಬೇಡ ಎಂದಳು. ಖಾರ ತಿಂದರೆ ಹುಳಿತೇಗು ಬಂದು ಸ್ವರತಂತುಗಳು ಊದುತ್ತವೆ. ಮೊಸರನ್ನ? ಅದೂ ಬೇಡ, ಕಫ ಕಟ್ಟುತ್ತದಂತೆ. ಧಾರವಾಡದಲ್ಲಿ ಹಾಡುವವರು ಉಂಡಷ್ಟು ಯಾರೂ ಉಣ್ಣುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಆರು ವಾರ ಅವಳಿಗೆ ಇಡ್ಲಿ ಬೇಯಿಸಿ ಹಾಕಿದೆ, ಚಟ್ನಿ ಇಲ್ಲದೆ.

ಅವಳು ಸೊಪ್ರಾನೊ, ಅಂದರೆ ಹೆಣ್ಣು ದನಿಗಳಲ್ಲಿ ಎಲ್ಲಕ್ಕಿಂತ ತಾರಕ್ಕೆ ಹೋಗುವ ದನಿ. ಅಮೆರಿಕದಲ್ಲಿ ನಾನಿರುವ ಊರಿನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಒಂದು ಸಣ್ಣ ಒಪೆರಾ ಕಂಪನಿಯಲ್ಲಿ (ಹೆಸರು ಬೇಡ) ಮೊಜಾರ್ಟನ 'ಕೋಸಿ ಫಾನ್ ತುತ್ತೆ'ಯ ತುಂಟ ಕೆಲಸದಾಕೆ ಡೆಸ್ಪಿನಾಳ ಪಾತ್ರಕ್ಕೆ ಬಂದಿದ್ದಳು. ಒಂದು ದಿನ ಅವಳು ಮೇಲೆ ಸಾಧನೆಗೆ ಕೂತಿದ್ದಾಗ ಅಕ್ಕನ ಮಗ ಫೋನ್ ಮಾಡಿದ.

'ಯಾರ್ ಹಾಡಾಕತ್ತಾರ ಚಿಗವ್ವ? ದೊಡ್ಡ ಸಿಂಗರ್ ಏನು?'

ಏನು ಹೇಳಲಿ? ಅವನ ಲೆಕ್ಕದಲ್ಲಿ ದೊಡ್ಡ ಸಿಂಗರ್ ಎಂದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಚುಟುಕಾಗಿ ಮೆಟ್), ಆ 3,800 ಜನ ಹಿಡಿಯುವ ಭವನದಲ್ಲಿ ಹಾಡಿದವರು. ಅವನದು ಮಾತ್ರವಲ್ಲ, ಇಲ್ಲಿನ ಪತ್ರಿಕೆಗಳ ಲೆಕ್ಕವೂ ಹೆಚ್ಚುಕಡಿಮೆ ಅದೇ. ಊರಿನ ಕಂಪನಿಯ ಆಟಕ್ಕೆ ಹೋಗಿ ಕಾರ್ಯಕ್ರಮದ ಪುಸ್ತಿಕೆ ತೆರೆದರೆ ಪ್ರತಿ ಗಾಯಕರ ಪರಿಚಯವೂ 'ಮುಂದೆ ಇಂಥಲ್ಲಿ ಹಾಡಲಿದ್ದಾರೆ' ಎಂದು ಮುಗಿಯುತ್ತದೆ. ಈ ರಾತ್ರಿ ನಮ್ಮೆದುರು ನಿಂತು ಹಾಡುವುದು ಬರೀ ಏಣಿಯ ಮೆಟ್ಟಿಲು ಎನ್ನುವಂತೆ. ಈ ಏಣಿಯ ಮಾತೇ ಸುಳ್ಳು ಎನ್ನುವುದು ನನ್ನ ಅಭಿಪ್ರಾಯ. ಅದು ಗಾಯಕರ ಹೊಟ್ಟೆಯ ಮೇಲೂ ಹೊಡೆಯುತ್ತದೆ.

ನಾನಿರುವುದು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ಪಕ್ಕದ ವೆಬ್‌ಸ್ಟರ್ ಗ್ರೋವ್ಸ್‌ನಲ್ಲಿ. ಬ್ಯಾಂಕಿನ ಕ್ಯಾಷಿಯರ್ ಕೆಲಸದಿಂದ ನಿವೃತ್ತಳಾದ ಮೇಲೆ ಬೇಸಿಗೆಯಲ್ಲಿ ಇಲ್ಲಿನ ಒಪೆರಾ ಥಿಯೇಟರ್ ಆಫ್ ಸೇಂಟ್ ಲೂಯಿಸ್‌ನಲ್ಲಿ ಟಿಕೆಟ್ ನೋಡಿ ಸೀಟು ತೋರಿಸುವ ಸ್ವಯಂಸೇವಕಿ. ಸಂಬಳವಿಲ್ಲ, ಆಟ ಪುಕ್ಕಟೆ. 1976ರಲ್ಲಿ ಶುರುವಾದ ಕಂಪನಿ ಇದು. ಮೇ ಕೊನೆಯಿಂದ ಜೂನ್ ಕೊನೆಯವರೆಗಷ್ಟೇ ಇದರ ಹಂಗಾಮು. ವೆಬ್‌ಸ್ಟರ್ ವಿಶ್ವವಿದ್ಯಾಲಯದ ಆವರಣದ ಲೊರೆಟ್ಟೊ-ಹಿಲ್ಟನ್ ರಂಗಮಂದಿರದಲ್ಲಿ ಸಾವಿರಕ್ಕೂ ಕಡಿಮೆ ಸೀಟುಗಳು; ರಂಗ ಪ್ರೇಕ್ಷಕರ ನಡುವೆಯೇ ಚಾಚಿಕೊಂಡಿದೆ. ಇಟಾಲಿಯನ್ ಇರಲಿ ಜರ್ಮನ್ ಇರಲಿ, ಎಲ್ಲವನ್ನೂ ಇಂಗ್ಲಿಷಿಗೆ ತಂದು ಹಾಡುವುದು ಇಲ್ಲಿನ ಪದ್ಧತಿ. ಆಟಕ್ಕೆ ಮುಂಚೆ ಜನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂರುತ್ತಾರೆ. ನೋಡಿದರೆ ನನಗೆ ನಮ್ಮೂರ ಜಾತ್ರೆಯ ನೆನಪು.

2019ರ ಜೂನ್ 15ರ ರಾತ್ರಿ ನಾನು ಇದೇ ಭವನದ ಬಾಗಿಲ ಬಳಿ ನಿಂತಿದ್ದೆ. ಜಾಜ್ ಕಹಳೆಗಾರ ಟೆರೆನ್ಸ್ ಬ್ಲಾಂಚರ್ಡ್ ಅವರ 'ಫೈರ್ ಶಟ್ ಅಪ್ ಇನ್ ಮೈ ಬೋನ್ಸ್' ಒಪೆರಾದ ಮೊಟ್ಟಮೊದಲ ಪ್ರದರ್ಶನ. ಪತ್ರಕರ್ತ ಚಾರ್ಲ್ಸ್ ಬ್ಲೋ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡ ಬಾಲ್ಯದ ಕಥೆ ಅದು: ಲೂಸಿಯಾನಾದ ಬಡ ಹಳ್ಳಿ, ಹೈರಾಣಾದ ತಾಯಿ, ನಂಬಿದ ನೆಂಟನಿಂದಲೇ ಹುಡುಗನ ಮೇಲಾದ ಅತ್ಯಾಚಾರ. ಚಾರ್ಲ್ಸ್ ಪಾತ್ರದಲ್ಲಿ ಡವೋನ್ ಟೈನ್ಸ್, ತಾಯಿ ಬಿಲ್ಲಿಯಾಗಿ ಕ್ಯಾರೆನ್ ಸ್ಲ್ಯಾಕ್, ವಿಧಿ, ಒಂಟಿತನ, ಪ್ರೇಯಸಿ ಎಂಬ ಮೂರು ಪಾತ್ರಗಳನ್ನು ಒಬ್ಬರೇ ಹೊತ್ತು ಜೂಲಿಯಾ ಬುಲ್ಲಕ್. ಬುಲ್ಲಕ್ ಸೇಂಟ್ ಲೂಯಿಸಿನಲ್ಲೇ ಹುಟ್ಟಿದವರು. ಹಾಗಾಗಿ ಅವತ್ತು ನನ್ನ ಸಾಲಿನ ಅಜ್ಜಿಯರಿಗೆ ಮೊಮ್ಮಗಳ ಮದುವೆಯಷ್ಟು ಸಡಗರ.

ಹಳೆಯ ಒಪೆರಾದಲ್ಲಿ ಪಾತ್ರಕ್ಕೆ ಗಾಯಕರನ್ನು ಹುಡುಕುತ್ತಾರೆ. ಹೊಸ ಒಪೆರಾದಲ್ಲಿ ಪಾತ್ರವೇ ಗಾಯಕರ ಮೈಮೇಲೆ ಹೊಲಿಗೆಯಾಗುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸ್ವರ ವಾದ್ಯಗಳ ಅಬ್ಬರದಲ್ಲಿ ಮುಳುಗುತ್ತದೆ, ಅಳು ಹಾಡಿನೊಳಗಿರಬೇಕೋ ಹಾಡು ಮುಗಿದ ಮೇಲೋ, ಇದೆಲ್ಲ ತಾಲೀಮಿನಲ್ಲಿ ಮೊದಲು ಗೊತ್ತಾಗುವುದು ಮೊದಲು ಹಾಡುವವರ ಗಂಟಲಿಗೆ. ಮೈಕು ಬೇರೆ ಇಲ್ಲ ನೋಡಿ. ಇಡೀ ವಾದ್ಯಮೇಳವನ್ನು ದಾಟಿ ಕೊನೆಯ ಸಾಲಿಗೆ ಮುಟ್ಟಬೇಕಾದದ್ದು ಬರೀ ದನಿ.

2021ರ ಸೆಪ್ಟೆಂಬರ್ 27ರಂದು ಇದೇ ಒಪೆರಾದಿಂದ ಮೆಟ್ರೊಪಾಲಿಟನ್ ತನ್ನ ಹಂಗಾಮು ತೆರೆಯಿತು. ಕೋವಿಡ್‌ನಿಂದ ಮುಚ್ಚಿದ್ದ ಬಾಗಿಲು ತೆರೆದ ಸಂದರ್ಭ. 1883ರಲ್ಲಿ ಶುರುವಾದ ಆ ಸಂಸ್ಥೆ ಕಪ್ಪು ಸಂಗೀತಕಾರರೊಬ್ಬರ ಒಪೆರಾ ಆಡಿದ್ದು ಅದೇ ಮೊದಲು. ಜಗತ್ತೇ ಬರೆಯಿತು. ಬ್ಲಾಂಚರ್ಡ್ ದೊಡ್ಡ ರಂಗಕ್ಕೆಂದು ಕೃತಿಯನ್ನು ತಿದ್ದಿ ಹಿಗ್ಗಿಸಿದ್ದರು. ಚಾರ್ಲ್ಸ್ ಆಗಿ ವಿಲ್ ಲಿವರ್‌ಮನ್, ಬಿಲ್ಲಿಯಾಗಿ ಲಟೋನ್ಯಾ ಮೂರ್, ಆ ಮೂರು ಪಾತ್ರಗಳಿಗೆ ಏಂಜಲ್ ಬ್ಲೂ. ಮೂವರೂ ಅದ್ಭುತವಾಗಿ ಹಾಡಿದರು, ಅದರಲ್ಲಿ ಎರಡು ಮಾತಿಲ್ಲ. ಮೆಟ್‌ನ ಧ್ವನಿಮುದ್ರಣಕ್ಕೆ 2023ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಸೇಂಟ್ ಲೂಯಿಸಿನ ಆ ಮೂವರು ಮುಖ್ಯ ಗಾಯಕರ ದನಿ ಆ ಮುದ್ರಣದಲ್ಲಿಲ್ಲ.

ಇದರಲ್ಲಿ ಯಾರ ಮೋಸವೂ ಇಲ್ಲ. ಒಪೆರಾದ ವ್ಯವಹಾರ ಹಾಗೇ ನಡೆಯುವುದು: ಆಟ ಬೇರೆ ಊರಿಗೆ ಹೋದರೆ ಗಾಯಕರೂ ಅದರ ಹಿಂದೆ ಹೋಗಬೇಕೆಂದಿಲ್ಲ. ಬ್ಲಾಂಚರ್ಡ್ ಅವರ ಮೊದಲ ಒಪೆರಾ 'ಚಾಂಪಿಯನ್' ಕೂಡ 2013ರಲ್ಲಿ ಇಲ್ಲೇ ಹುಟ್ಟಿ, ಹತ್ತು ವರ್ಷದ ಮೇಲೆ ಬೇರೆಯೇ ಮುಖ್ಯ ಗಾಯಕರೊಂದಿಗೆ ಮೆಟ್ ತಲುಪಿತು. ಅಕ್ಕನ ಮಗನ ಲೆಕ್ಕದಂತೆ ಇಲ್ಲಿನ ಗಾಯಕರು ಏಣಿಯಲ್ಲಿ ಅರ್ಧಕ್ಕೇ ಜಾರಿದವರು. ನಿಜಕ್ಕೂ ಆದದ್ದೇನು? ಟೈನ್ಸ್ ಮತ್ತು ಬುಲ್ಲಕ್ 2024ರಲ್ಲಿ ಮೆಟ್ ರಂಗದ ಮೇಲೆ ಮೊದಲ ಸಲ ನಿಂತರು, ಜಾನ್ ಆಡಮ್ಸ್ ಅವರ 'ಎಲ್ ನಿನ್ಯೊ'ದಲ್ಲಿ, ಇಬ್ಬರೂ ಒಂದೇ ರಾತ್ರಿ. ಅಷ್ಟರಲ್ಲಾಗಲೇ ಇಬ್ಬರೂ ಹೊಸ ಸಂಗೀತದ ದೊಡ್ಡ ಹೆಸರುಗಳಾಗಿದ್ದರು. ಕ್ಯಾರೆನ್ ಸ್ಲ್ಯಾಕ್ ಅಂತೂ ಸೇಂಟ್ ಲೂಯಿಸಿಗೆ ಬರುವ ಎಷ್ಟೋ ವರ್ಷ ಮುಂಚೆಯೇ, 2006ರಲ್ಲಿ, ಮೆಟ್‌ನಲ್ಲಿ ವರ್ಡಿಯ ಒಪೆರಾದ ನಾಯಕಿಯಾಗಿ ಹಾಡಿದವರು. ಆಮೇಲೆ ಫ್ಲಾರೆನ್ಸ್ ಪ್ರೈಸ್ ಎಂಬ ಮರೆತುಹೋದ ಕಪ್ಪು ಸಂಗೀತಕಾರ್ತಿಯ ಅಪ್ರಕಟಿತ ಹಾಡುಗಳನ್ನು ಮುದ್ರಿಸಿ 2025ರಲ್ಲಿ ಗ್ರ್ಯಾಮಿ ಪಡೆದರು. ಮೆಟ್‌ನಲ್ಲಿ ಹಾಡಿ ಬಂದವರು ಊರಿನ ಕಂಪನಿಗೆ 'ಇಳಿದರು' ಎನ್ನೋಣವೇ? ನದಿಯಲ್ಲಿ ಈಜುವವರಿಗೆ ಏಣಿಯ ಅಳತೆಗೋಲು ಹಿಡಿದರೆ ಹೀಗೇ.

ಸೊಪ್ರಾನೊ ಬೆವರ್ಲಿ ಸಿಲ್ಸ್ ಅವರನ್ನೇ ನೋಡಿ. 1955ರಿಂದ ನ್ಯೂಯಾರ್ಕಿನ 'ಎರಡನೆಯ' ಕಂಪನಿಯಾದ ಸಿಟಿ ಒಪೆರಾದಲ್ಲಿ ಹಾಡುತ್ತಿದ್ದರು. 1971ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೂ ಬಂದರು. ಮೆಟ್ ಅವರಿಗೆ ಬಾಗಿಲು ತೆರೆದದ್ದು 1975ರಲ್ಲಿ, ವಯಸ್ಸು 45. ಅಲ್ಲಿಯವರೆಗೆ ಅವರು ಸಣ್ಣ ಸಿಂಗರ್ ಆಗಿದ್ದರೇ?

ನಮ್ಮ ಸೀಮೆಯ ಕ್ರಿಸ್ಟೀನ್ ಬ್ರೂವರ್ ಇನ್ನೊಂದು ಬಗೆ. ನದಿಯಾಚೆಯ ಇಲಿನಾಯ್‌ನವರು, ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು, ನಮ್ಮ ಒಪೆರಾ ಥಿಯೇಟರಿನ ಕೋರಸ್‌ನಲ್ಲಿ ಹತ್ತರ ಜೊತೆ ಹನ್ನೊಂದಾಗಿ ನಿಂತು ಹಾಡುತ್ತಿದ್ದರು. ಅವರದು ವಾಗ್ನರ್‌ಗೆ ಒಗ್ಗುವ ಭಾರದ ದನಿ. ಅಂಥದ್ದು ಮಾಗುವುದು ಮೂವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಅದನ್ನು ಅವಸರಪಡಿಸದೆ ಇಟ್ಟುಕೊಂಡದ್ದು ಒಂದು ಊರಿನ ಕಂಪನಿ. ಆಮೇಲೆ ಅವರು ಲಂಡನ್ನಿನಲ್ಲೂ ಮೆಟ್‌ನಲ್ಲೂ ಹಾಡಿದರು, ಆದರೆ ಮನೆ ಬದಲಿಸಲಿಲ್ಲ. ಮಲ್ಲಿಕಾರ್ಜುನ ಮನಸೂರರು ಧಾರವಾಡ ಬಿಡಲಿಲ್ಲವೆಂದು ಅವರನ್ನು ಊರಿನ ಮಟ್ಟದ ಗಾಯಕ ಎಂದವರನ್ನು ನಾನು ನೋಡಿಲ್ಲ. ಅವರ ಶುರುವೂ ನಾಟಕ ಕಂಪನಿಯಲ್ಲೇ.

ಸರಿ, ಈಗ ನನ್ನ ಮಹಡಿಗೆ ಬರೋಣ. ಕ್ಯಾಷಿಯರ್ ಬುದ್ಧಿ ಹೋಗುವುದಿಲ್ಲ. ಒಂದು ಭಾನುವಾರ ಲಕೋಟೆಯ ಹಿಂದೆ ಹುಡುಗಿಯ ಲೆಕ್ಕ ಬರೆದೆ. ನಾಲ್ಕು ಪ್ರದರ್ಶನ, ಒಂದಕ್ಕೆ 1,200 ಡಾಲರ್, ಒಟ್ಟು 4,800. ಏಜೆಂಟನಿಗೆ ನೂರಕ್ಕೆ ಹತ್ತರಂತೆ 480. ಕೆಲವು ಕಂಪನಿಗಳು ವಸತಿ ಕೊಡುತ್ತವೆ, ಇದು ಕೊಟ್ಟಿರಲಿಲ್ಲ; ನನಗೇ 1,200. ಮನೆಯಲ್ಲಿ ಕೂತು ಪಾತ್ರ ಕಲಿಯುವಾಗ ಪಿಯಾನೊದವರಿಗೆ, ಇಟಾಲಿಯನ್ ಉಚ್ಚಾರ ತಿದ್ದುವವರಿಗೆ ಕೊಟ್ಟದ್ದು 1,000. ಪೆಟ್ರೋಲು 220, ಊಟ ತಿಂಡಿ 600. ಉಳಿದದ್ದು 1,300 ಡಾಲರ್, ತೆರಿಗೆ ಕಟ್ಟುವ ಮುಂಚೆ. ಆರು ವಾರಕ್ಕೆ. ಸ್ವಂತ ದುಡಿಮೆಯ ತೆರಿಗೆಯೇ ಶೇ 15.3. ಪೆನ್ನು ಮುಚ್ಚಿದೆ. ಬಾಡಿಗೆಯಲ್ಲಿ ಎರಡು ವಾರದ್ದು ಬಿಟ್ಟುಕೊಟ್ಟೆ. ಅವಳು ಬೇಡವೇ ಬೇಡ ಎಂದು ಹಟ ಹಿಡಿದಳು.

ಈ ಲೆಕ್ಕದಲ್ಲಿ ಎದ್ದು ಕಾಣುವುದು ಒಂದು ಸೊನ್ನೆ. ನಾಲ್ಕು ವಾರಕ್ಕೂ ಮಿಕ್ಕಿದ ತಾಲೀಮಿಗೆ ಬೇರೆ ಹಣವಿಲ್ಲ; ಪ್ರದರ್ಶನದ ಹಣದಲ್ಲೇ ಅದೂ ಸೇರಿತು ಎಂದು ಭಾವಿಸಬೇಕು. ಮೊದಲ ಪ್ರದರ್ಶನದ ಬೆಳಿಗ್ಗೆ ಜ್ವರ ಬಂದರೆ? ಹಾಡದಿದ್ದರೆ ಹಣವಿಲ್ಲ. ತಾಲೀಮಿಗೆ ಒಂದು ದಿನವೂ ತಪ್ಪಿಸದ ಆ ವಾರಗಳೆಲ್ಲ ಗಾಳಿಗೆ. 2020ರ ಮಾರ್ಚಿನಲ್ಲಿ ಆಟಗಳು ರದ್ದಾದಾಗ ಸಾವಿರಾರು ಗಾಯಕರಿಗೆ ಈ ಷರತ್ತಿನ ಅರ್ಥ ಒಟ್ಟಿಗೇ ಗೊತ್ತಾಯಿತು. ಕರಾರಿನಲ್ಲಿ ದೈವಾಧೀನದ ಒಂದು ಕಲಮು ಇರುತ್ತದೆ, ದೈವ ಯಾವಾಗಲೂ ಕಂಪನಿಯ ಕಡೆ.

ಮಿಕ್ಕ ದಿನಗಳಲ್ಲಿ ಅವಳು ಭಾನುವಾರ ಚರ್ಚಿನ ಗಾಯನವೃಂದದಲ್ಲಿ ಸಂಬಳಕ್ಕೆ ಹಾಡುತ್ತಾಳೆ, ಅಂತ್ಯಕ್ರಿಯೆಗೂ ಮದುವೆಗೂ ಹಾಡುತ್ತಾಳೆ, ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಾಳೆ. ನವೆಂಬರ್ ಡಿಸೆಂಬರಿನಲ್ಲಿ ಸಾಲ ಮಾಡಿ ನ್ಯೂಯಾರ್ಕಿಗೆ ಹೋಗಿ ಆಡಿಷನ್ ಕೊಡುತ್ತಾಳೆ. ಐದು ಹಾಡಿನ ಪಟ್ಟಿ ಒಯ್ಯಬೇಕು. ಮೊದಲನೆಯದು ಅವಳ ಆಯ್ಕೆ, ಎರಡನೆಯದು ಮೇಜಿನಾಚೆ ಕೂತವರದು. ಕೆಲವು ಸಲ ಎರಡನೆಯದನ್ನು ಕೇಳುವುದೇ ಇಲ್ಲ. 'ಥ್ಯಾಂಕ್ಯೂ' ಎನ್ನುವ ದನಿಯ ಶ್ರುತಿಯಲ್ಲೇ ಗೊತ್ತಾಗುತ್ತದಂತೆ.

ಕಂಪನಿಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಟಿಕೆಟ್ಟಿನ ಹಣ ಖರ್ಚಿನ ಒಂದು ಭಾಗಕ್ಕಷ್ಟೇ ಸಾಕು, ಉಳಿದದ್ದು ದಾನಿಗಳಿಂದ ಬರಬೇಕು. 2009ರ ಒಂದೇ ವರ್ಷದಲ್ಲಿ ಬಾಲ್ಟಿಮೋರ್, ಕನೆಕ್ಟಿಕಟ್, ಒರ್ಲ್ಯಾಂಡೊ ಕಂಪನಿಗಳು ಬಾಗಿಲು ಹಾಕಿದವು. 2013ರಲ್ಲಿ ಸಿಲ್ಸ್ ಹಾಡಿದ ಸಿಟಿ ಒಪೆರಾವೇ ದಿವಾಳಿಯಾಯಿತು. ಗಾಯಕರಿಗೆ ಜಾಸ್ತಿ ಕೊಟ್ಟು ಕಂಪನಿಯೇ ಮುಳುಗಿದರೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಕೇಳುವುದು ಇಷ್ಟೇ: ದಾನಿಗಳ ಹೆಸರು ಕುರ್ಚಿಯ ಹಿಂದೆ ಇದೆ, ಹಜಾರದ ಗೋಡೆಯ ಮೇಲಿದೆ, ಹುಲ್ಲುಹಾಸಿನ ಬೆಂಚಿನ ಮೇಲೂ ಇದೆ. ತಾಲೀಮಿನ ಒಂದು ವಾರಕ್ಕೆ ಯಾರ ಹೆಸರೂ ಕಂಡಿಲ್ಲ. ಬೆಂಚು ಕಣ್ಣಿಗೆ ಕಾಣುತ್ತದೆ, ತಾಲೀಮು ಕಾಣುವುದಿಲ್ಲ.

ನಾನೂ ಸಾಚಾ ಅಲ್ಲ. ಹಿಂದೊಮ್ಮೆ ಇಲ್ಲಿನ ಕನ್ನಡಿಗರ ಕೂಟಕ್ಕೆ ಖಜಾಂಚಿಯಾಗಿದ್ದಾಗ ರಾಜ್ಯೋತ್ಸವದ ನಾಟಕಕ್ಕೆ ತಬಲಾದವರನ್ನೂ ಹಾರ್ಮೋನಿಯಂನವರನ್ನೂ ಆರು ಶನಿವಾರ ತಾಲೀಮಿಗೆ ಕರೆಸಿಕೊಂಡೆ. ದುಡ್ಡು ಕೊಟ್ಟದ್ದು ನಾಟಕದ ಸಂಜೆಗೆ ಮಾತ್ರ. ಆರು ಶನಿವಾರಕ್ಕೆ ಪಿಜ್ಜಾ. ಲೆಕ್ಕಪತ್ರದಲ್ಲಿ ಅದನ್ನು 'ಉಪಾಹಾರ' ಎಂದು ಬರೆದು ಸಹಿ ಹಾಕಿದವಳೂ ನಾನೇ. ಅಮೆರಿಕದಲ್ಲಿರುವ ನಮ್ಮ ಕೂಟಗಳು, ಊರಿಂದ ಕಲಾವಿದರನ್ನು ಕರೆಸುವವರು ಇದನ್ನು ಓದುತ್ತಿದ್ದರೆ ಮುಂದಿನ ಬಜೆಟ್ಟಿನಲ್ಲಿ ತಾಲೀಮಿಗೊಂದು ಸಾಲು ಹಾಕಿ. ಮೊತ್ತ ಸಣ್ಣದಿದ್ದರೂ ಸರಿ.

'ಕೋಸಿ'ಯ ಕೊನೆಯ ಪ್ರದರ್ಶನಕ್ಕೆ ಹೋಗಿದ್ದೆ. ಹೈಸ್ಕೂಲಿನ ಸಭಾಂಗಣ, ಮುನ್ನೂರು ಜನ ಇದ್ದಿರಬೇಕು. ಡೆಸ್ಪಿನಾ ನಕಲಿ ವೈದ್ಯನ ವೇಷದಲ್ಲಿ ದೊಡ್ಡ ಅಯಸ್ಕಾಂತ ಹಿಡಿದು ಬಂದಾಗ ನನ್ನ ಪಕ್ಕದಲ್ಲಿದ್ದ ಎಂಟು ವರ್ಷದ ಹುಡುಗ ಕುರ್ಚಿಯಿಂದ ಜಾರುವಷ್ಟು ನಕ್ಕ. ಮನೆಗೆ ಬಂದು ಅಕ್ಕನ ಮಗನಿಗೆ ಫೋನ್ ಮಾಡಿದೆ. 'ಹೌದೋ, ದೊಡ್ಡ ಸಿಂಗರ್' ಅಂದೆ. 'ಹೆಸರೇನು? ಯೂಟ್ಯೂಬಿನಾಗ ಹುಡುಕ್ತೀನಿ' ಅಂದ.

ಕಳೆದ ವಾರ ಅವಳ ಸಂದೇಶ ಬಂತು. ಓಹಾಯೊದ ಒಂದು ಕಂಪನಿ 'ಲಾ ಬೊಹೆಮ್'ನ ಮ್ಯೂಸೆಟ್ಟಾ ಪಾತ್ರಕ್ಕೆ ಕರೆದಿದೆ, ನಾಲ್ಕು ಪ್ರದರ್ಶನ. ಕರಾರಿನಲ್ಲಿ ತಾಲೀಮಿಗೆ ವಾರಕ್ಕೆ ಇಷ್ಟು ಎಂದು ಬೇರೆಯಾಗಿಯೇ ಬರೆದಿದ್ದಾರಂತೆ. ಆ ಸಾಲಿನ ಫೋಟೊ ತೆಗೆದು ಕಳಿಸಿದ್ದಾಳೆ. ಕೋಣೆಯ ಬಾಡಿಗೆ ಮಾತ್ರ ಈ ಸಲವೂ ಅವಳದೇ.