ಗಿಡ ಎಲ್ಲಿ ನೆಡೋದು, ಮಿಸ್?

ಅಭ್ಯಾಸ ಬೋಧನೆಯ ಎರಡನೇ ವಾರ ವಿಜಯನಗರದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಜಲಮಾಲಿನ್ಯದ ಪಾಠ ಮಾಡಿದೆ. ಚಾರ್ಟಿನಲ್ಲಿ ವೃಷಭಾವತಿಯನ್ನು ಒಂದು ನೀಲಿ ಗೆರೆಯಾಗಿ ಬರೆದಿದ್ದೆ. ನದಿ ಉಳಿಸಲು ಏನು ಮಾಡಬೇಕೆಂದು ಕೇಳಿದಾಗ, ‘ಕಸ ಹಾಕಬಾರದು, ಗಿಡ ನೆಡಬೇಕು’ ಎಂದು ಇಡೀ ತರಗತಿ ಹೇಳಿತು. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂಬ ಷರಾ ಬಿತ್ತು. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಬಂದು ಕೇಳಿದಳು: ‘ಗಿಡ ಎಲ್ಲಿ ನೆಡೋದು, ಮಿಸ್? ಎರಡೂ ಕಡೆ ಗೋಡೆ ಇದೆಯಲ್ಲ.’

ನನ್ನ ಚಾರ್ಟಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ‘ಎಲ್ಲಿ’ ಎಂಬುದು ನಕ್ಷೆಯ ಪ್ರಶ್ನೆ. ನದಿಯ ಜೀವನೆಲೆಯನ್ನು ಮರಳಿ ಕಟ್ಟುವವರು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಬಳಸುವುದು ಇದಕ್ಕೇ. ನೆಲದ ಇಳಿಜಾರು, ರಾಜಕಾಲುವೆ, ಕೊಳಚೆ ಸೇರುವ ಜಾಗ, ಕಟ್ಟಡ, ದಡದ ಖಾಲಿ ನೆಲ ಒಂದೊಂದೂ ಒಂದು ಪದರ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ಮೊದಲು ಎಲ್ಲಿ ಕೊಳಚೆ ತಡೆಯಬೇಕು, ಆಮೇಲೆ ಎಲ್ಲಿ ದಡಕ್ಕೆ ಹುಲ್ಲು, ಮರ ತರಬಹುದು ಎಂಬುದು ಕಾಣುತ್ತದೆ. ಮೇಲಿನಿಂದ ಕೊಳಚೆ ಬರುತ್ತಲೇ ಇದ್ದರೆ ಕೆಂಗೇರಿಯಲ್ಲಿ ಗಿಡ ನೆಟ್ಟ ಮಾತ್ರಕ್ಕೆ ಮೀನು, ಕಪ್ಪೆ ಮರಳಿ ಬರುವುದಿಲ್ಲ.

ಸ್ಮಾರ್ಟ್‌ಬೋರ್ಡ್ ಇಲ್ಲ, 40 ನಿಮಿಷ ಸಾಲದು ಎಂದು ನನ್ನ ಸಹಪಾಠಿಗಳು ಹೇಳುತ್ತಾರೆ. ಕ್ಯೂಜಿಐಎಸ್ ತಂತ್ರಾಂಶ ಉಚಿತ. ಇಸ್ರೋದ ‘ಭುವನ್’ ಜಾಲತಾಣದಲ್ಲಿ ಉಪಗ್ರಹ ಚಿತ್ರಗಳಿವೆ. ಅದೂ ಬೇಡವೆಂದರೆ ಟ್ರೇಸಿಂಗ್ ಹಾಳೆ ಸಾಕು. ಮುಂದಿನ ವಾರ ನಾನು ಮುದ್ರಿಸಿದ ನಕ್ಷೆಯ ಮೇಲೆ ಅಂಥ ಮೂರು ಹಾಳೆ ಹಾಸಿ ಮಕ್ಕಳಿಂದಲೇ ಬರೆಸಿದೆ. ತಮ್ಮ ಬೀದಿಯ ಚರಂಡಿಯಿಂದ ಶುರುಮಾಡಿ ರಾಜಕಾಲುವೆ, ವೃಷಭಾವತಿ, ಬೈರಮಂಗಲ ಕೆರೆ, ಅರ್ಕಾವತಿ, ಕಾವೇರಿಯವರೆಗೆ ಬೆರಳು ಓಡಿಸಿದರು. ‘ಮೋರಿ’ ಎನ್ನುತ್ತಿದ್ದವರು ಅಂದು ‘ನದಿ’ ಎಂದರು.

ನಕ್ಷೆಯನ್ನು ಪೂರ್ತಿ ನಂಬಲೂ ಬಾರದು. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ, ಆದರೆ ಅದರ ಒಂದು ಚೌಕ ಸುಮಾರು 30 ಮೀಟರ್. ಐದು ಮೀಟರಿನ ಕಾಲುವೆ ಅದರೊಳಗೆ ಕಳೆದುಹೋಗುತ್ತದೆ. ಹಾಗಾಗಿ ಮಕ್ಕಳು ಒಮ್ಮೆಯಾದರೂ ಶಿಕ್ಷಕರೊಂದಿಗೆ, ಸುರಕ್ಷಿತ ದೂರದಿಂದ, ಆ ನೀರನ್ನು ನೋಡಿ ನಕ್ಷೆ ತಿದ್ದಬೇಕು.

ನಮ್ಮ ಪಾಠಯೋಜನೆಯ ‘ಬೋಧನೋಪಕರಣ’ ಕಲಂನಲ್ಲಿ ಚಾರ್ಟು, ಮಾದರಿ ಎಂದು ಬರೆದು ಮುಗಿಸುತ್ತೇವೆ. ಪರಿಸರದ ಪಾಠಗಳಲ್ಲಿ ಒಂದಾದರೂ ಶಾಲೆಯ ಸುತ್ತಲಿನ ಪದರ ನಕ್ಷೆಯಿಂದ ನಡೆಯಬೇಕೆಂದು ಮಾರ್ಗದರ್ಶಕರು ಕಡ್ಡಾಯ ಮಾಡಲಿ. ‘ಗಿಡ ನೆಡಬೇಕು’ ಎಂಬ ಉತ್ತರಕ್ಕೆ ಅಂಕ ಕೊಡುವ ಮುನ್ನ ‘ಎಲ್ಲಿ?’ ಎಂದು ನಾವೇ ಕೇಳೋಣ.