ಉಡುಗೊರೆಗೆ ಅಂಗಿ ಏತಕ್ಕೆ?

ಮದುವೆಯಿರಲಿ, ಗೃಹಪ್ರವೇಶವಿರಲಿ, ಪಂಚಕಲ್ಯಾಣ ಮಹೋತ್ಸವದ ಸನ್ಮಾನವಿರಲಿ, ನಮ್ಮ ಸಮಾಜದಲ್ಲಿ ಇಂದು ಕೊಡುವ ವಸ್ತುವಿಗಿಂತ ಅದರ ಮೇಲಿನ ಹೊದಿಕೆಯೇ ದೊಡ್ಡದಾಗಿದೆ. ಗೋಕಾಕ ತಾಲ್ಲೂಕಿನ ಮಮದಾಪುರದಂತಹ ಒಕ್ಕಲುತನದ ಊರುಗಳೂ ಇದಕ್ಕೆ ಹೊರತಾಗಿಲ್ಲ. ಒಂದು ಸ್ಟೀಲ್ ತಂಬಿಗೆ. ಅದಕ್ಕೊಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಗೆ ಮಿರುಗುವ ಹಾಳೆ. ಹಾಳೆಯ ಮೇಲೆ ಪ್ಲಾಸ್ಟಿಕ್ ರಿಬ್ಬನ್ನಿನ ಹೂವು. ಹೂವಿನ ಪಕ್ಕದಲ್ಲಿ ಕೊಟ್ಟವರ ಹೆಸರು. ಇಷ್ಟನ್ನೂ ಹರಿದು ಎಸೆಯಲು ಅರೆ ನಿಮಿಷ ಸಾಕು. ಗೋಕಾಕದ ಕರದಂಟು ತನ್ನದೇ ಪೆಟ್ಟಿಗೆಯಲ್ಲಿ ಬರುತ್ತದೆ. ಆ ಪೆಟ್ಟಿಗೆಗೂ ಮತ್ತೊಂದು ಅಂಗಿ ತೊಡಿಸುವವರಿದ್ದಾರೆ!

ಇದು ನಮ್ಮ ಹಿರಿಯರ ಪದ್ಧತಿಯೇ? ಅಲ್ಲವೇ ಅಲ್ಲ. ಈ ಭಾಗದಲ್ಲಿ ಹೆಣ್ಣುಮಗಳಿಗೆ ಉಡಿ ತುಂಬುವಾಗ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆ-ಅಡಿಕೆಗಳನ್ನು ಎಲ್ಲರೆದುರಿಗೆ ಇಡುತ್ತಾರೆ. ಆಕೆಯ ಸೆರಗೇ ಅದಕ್ಕೆ ಹೊದಿಕೆ. ಬೀಗರ ಊರಿಗೆ ಹೊರಟ ಬುತ್ತಿಯ ಗಂಟು ಬಿಳಿಯ ಬಟ್ಟೆಯದು. ರೊಟ್ಟಿ ತಿಂದಾದ ಮೇಲೆ ಬಟ್ಟೆ ಒಗೆದು ಮಡಿಕೆಯಾಗಿ ಮನೆಗೆ ಮರಳುತ್ತಿತ್ತು. ಗೋಕಾಕದ ಕುಶಲಕರ್ಮಿಗಳು ಹಗುರಾದ ಕಟ್ಟಿಗೆಯಲ್ಲಿ ಮಾಡುವ ಹಣ್ಣು-ಕಾಯಿಗಳ ಬಣ್ಣವನ್ನು ನೋಡಿದವರು, ಅವುಗಳನ್ನು ಮುಚ್ಚಿಡುವ ಹಾಳೆಗೆ ಇನ್ನಾವ ಬಣ್ಣ ಬೇಕೆಂದು ಹೇಳಲಿ.

ಅಂಗಡಿಯ ಅಲಂಕಾರದ ಹಾಳೆಗೆ ಇತಿಹಾಸವೂ ಬಹಳವಿಲ್ಲ. 1917ರಲ್ಲಿ ಅಮೆರಿಕದ ಕಾನ್ಸಾಸ್ ನಗರದ ಹಾಲ್ ಸಹೋದರರ ಅಂಗಡಿಯಲ್ಲಿ, ಹಬ್ಬದ ದಿನಗಳಲ್ಲಿ ಸಾದಾ ತೆಳುಹಾಳೆ ತೀರಿಹೋಗಲು, ಲಕೋಟೆಗಳ ಒಳಪದರಕ್ಕೆಂದು ತರಿಸಿದ್ದ ಚಿತ್ತಾರದ ಕಾಗದವನ್ನು ಮಾರಾಟಕ್ಕಿಟ್ಟರು. ಅದು ಕೂಡಲೇ ಖರ್ಚಾಯಿತು. ಒಂದು ದೊಡ್ಡ ಉದ್ಯಮವೇ ಅದರಿಂದ ಬೆಳೆಯಿತು. ಆ ವ್ಯಾಪಾರಿಯ ಜಾಣತನವನ್ನು ನಾವು ಹಳಿಯಬೇಕಾಗಿಲ್ಲ. ಆದರೆ ಅದನ್ನು ನಮ್ಮ ಸಂಪ್ರದಾಯವೆಂದು ಯಾರೂ ಹೇಳದಿರಲಿ.

ಶಾಸ್ತ್ರದ ಮಾತಿಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ವಿಶೇಷತೆಗೆ ಉಮಾಸ್ವಾಮಿ ಆಚಾರ್ಯರು ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ವಿಧಿ, ದ್ರವ್ಯ, ದಾತೃ, ಪಾತ್ರ. ಐದನೆಯದಾಗಿ ಹೊದಿಕೆಯನ್ನು ಅವರು ಹೇಳಲಿಲ್ಲ. ‘ವಿಧಿಯಲ್ಲಿ ಅಲಂಕಾರವೂ ಸೇರಿತಲ್ಲವೇ?’ ಎಂದು ವಾದಿಸುವವರುಂಟು. ವಿಧಿಯೆಂದರೆ ಅತಿಥಿಯನ್ನು ಎದುರುಗೊಳ್ಳುವುದು, ಉಚ್ಚಾಸನ ಕೊಡುವುದು, ಪಾದ ತೊಳೆಯುವುದು, ಮನ-ವಚನ-ಕಾಯಗಳನ್ನು ಶುದ್ಧವಾಗಿಟ್ಟುಕೊಳ್ಳುವುದು ಮುಂತಾದ ನವಧಾ ಭಕ್ತಿ. ಅದೆಲ್ಲವೂ ಪಡೆಯುವವನತ್ತ ಮುಖ ಮಾಡಿದೆ. ಮಿರುಗುವ ಹಾಳೆಯಾದರೋ ಮಂಟಪದಲ್ಲಿ ಕುಳಿತ ನೂರಾರು ಜನರತ್ತ ಮುಖ ಮಾಡಿದೆ. ಮೊದಲನೆಯದಕ್ಕೆ ವಿನಯವೆಂದು ಹೆಸರು; ಎರಡನೆಯದು ಮಾನಕಷಾಯ. ಒಳಗಿನ ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುವ ಉದ್ದೇಶವೂ ಇದ್ದರೆ ಅದರೊಡನೆ ಮಾಯೆಯೂ ಕೂಡಿತು.

ಹೊದಿಕೆಯೇ ಬೇಡವೆಂದು ನನ್ನ ವಾದವಲ್ಲ. ಬಟ್ಟೆಯ ಉಪಯೋಗವನ್ನು ಜೈನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರನ್ನು ಸೋಸುವುದು ಬಟ್ಟೆಯಿಂದ. ಜೀವಜಂತು ಬೀಳದಿರಲೆಂದು ಆಹಾರವನ್ನು ಮುಚ್ಚುವುದು ಬಟ್ಟೆಯಿಂದ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುತ್ತೇವೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕನ್ನಡ ನಾಡಿನಲ್ಲಿ ಅದಕ್ಕಿಂತ ಹಿರಿದಾದ ಉಡುಗೊರೆ ಯಾವುದು? ತಾಳೆಗರಿಗೆ ಬೇಕಾದದ್ದು ಎರಡು ಹಲಗೆ, ಒಂದು ದಾರ, ಸುತ್ತಲೊಂದು ಅರಿವೆ. ಹುಳು ಮತ್ತು ತೇವದಿಂದ ರಕ್ಷಣೆಗಾಗಿ. ರಕ್ಷಣೆಗಾಗಿ ಹೊದಿಸುವುದೂ ಪ್ರದರ್ಶನಕ್ಕಾಗಿ ಹೊದಿಸುವುದೂ ಒಂದೇ ಅಲ್ಲ.

ಇನ್ನು ಹಿಂಸೆಯ ವಿಚಾರ. ಇದೇ ಈ ಲೇಖನದ ಮುಖ್ಯ ಕಾರಣ. ಮಿರುಗುವ ಹಾಳೆಗಳಲ್ಲಿ ಬಹುಪಾಲು ಕಾಗದವೇ ಅಲ್ಲ. ಲೋಹದ ತೆಳುಲೇಪವುಳ್ಳ ಪ್ಲಾಸ್ಟಿಕ್, ಅಥವಾ ಪ್ಲಾಸ್ಟಿಕ್ ಅಂಟಿಸಿದ ಕಾಗದ. ರದ್ದಿಯವನೂ ಅದನ್ನು ಒಯ್ಯುವುದಿಲ್ಲ. ಸಮಾರಂಭದ ಮರುದಿನ ಮಂಗಲ ಕಾರ್ಯಾಲಯದ ಹಿಂಬದಿಗೆ ಹೋಗಿ ನೋಡಿರಿ: ಸಿಹಿ ಮೆತ್ತಿದ ಹಾಳೆ, ರಿಬ್ಬನ್ನು, ಎಲೆಗಳ ರಾಶಿಯಲ್ಲಿ ಆಕಳುಗಳು ಮೇಯುತ್ತಿರುತ್ತವೆ. ನುಂಗಿದ ಪ್ಲಾಸ್ಟಿಕ್ಕು ಅವುಗಳ ಹೊಟ್ಟೆಯಲ್ಲಿ ಕರಗದು, ಹೊರಗೂ ಹೋಗದು. ಗಂಟುಕಟ್ಟಿ ಮೇವಿನ ಜಾಗವನ್ನು ಆಕ್ರಮಿಸುತ್ತದೆ. ಪಶು ಸೊರಗಿ ಸಾಯುತ್ತದೆ. ಸೂರ್ಯಾಸ್ತದ ನಂತರ ಉಣ್ಣದ ನಾವು, ಗಡ್ಡೆ-ಗೆಣಸು ಬಿಟ್ಟ ನಾವು, ಇದಕ್ಕೆ ಏನು ಉತ್ತರ ಕೊಡುತ್ತೇವೆ?

ಸರ್ಕಾರ ನಮಗಿಂತ ಮೊದಲು ಎಚ್ಚತ್ತಿತೆಂಬುದು ನಾಚಿಕೆಯ ಸಂಗತಿ. ಕರ್ನಾಟಕವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮುಂತಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಸಿಹಿತಿಂಡಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಪೊರೆ ಸೇರಿದೆ; ಅಲಂಕಾರದ ಥರ್ಮೋಕೋಲ್ ಸಹ ಸೇರಿದೆ. ಅಹಿಂಸಾಧರ್ಮದವರ ಲಗ್ನಪತ್ರಿಕೆಗೆ ಪೊರೆ ಸುತ್ತಬಾರದೆಂದು ದೆಹಲಿಯಿಂದ ಹೇಳಿಸಿಕೊಳ್ಳಬೇಕಾಯಿತು! ಪ್ಲಾಸ್ಟಿಕ್ ಬಿಟ್ಟು ರೇಷ್ಮೆಯ ಚೀಲ ಹಿಡಿದವರಿಗೂ ಒಂದು ಮಾತು: ಕುದಿಯುವ ನೀರಿನಲ್ಲಿ ಗೂಡಿನೊಳಗಿನ ಜೀವ ಬೆಂದ ಮೇಲೆಯೇ ಆ ನೂಲು ಬಿಚ್ಚಿಕೊಳ್ಳುತ್ತದೆ.

‘ಬರಿಗೈಯಲ್ಲಿ ಕೊಟ್ಟಂತೆ ಕಾಣುತ್ತದೆ, ಮರ್ಯಾದೆಯಲ್ಲ’ ಎನ್ನುತ್ತಾರೆ. ಯಾರ ಮರ್ಯಾದೆ? ಎರಡು ತೆಂಗಿನಕಾಯಿ, ಒಂದು ಖಣ ಹಿಡಿದು ಬಂದ ಬಡ ಸೋದರತ್ತೆ, ಮಿರುಗುವ ಪೆಟ್ಟಿಗೆಗಳ ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟು, ಮಂಟಪ ಖಾಲಿಯಾಗುವವರೆಗೆ ಕಂಬದ ಮರೆಯಲ್ಲಿ ಕಾಯುವುದನ್ನು ನಾವೆಲ್ಲ ನೋಡಿಲ್ಲವೇ? ಆಕೆಯ ಮರ್ಯಾದೆಯ ಲೆಕ್ಕವನ್ನು ಬರೆಯುವವರು ಯಾರು? ಹಾಳೆ ಮಾರುವ ಅಂಗಡಿಕಾರನ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ, ಇಲ್ಲವೆನ್ನಲಾರೆ. ಆದರೆ ಬಟ್ಟೆಯ ಚೀಲ ಹೊಲಿಯುವವಳಿಗೂ ಹೊಟ್ಟೆಯಿದೆ.

ಕುಟುಂಬಗಳಿಗಿಂತ ಮೊದಲು ಬಸದಿಗಳ ಟ್ರಸ್ಟುಗಳು ದಾರಿ ತೋರಬೇಕು. ಏಕೆಂದರೆ ಅಲ್ಲಿ ನಡೆದದ್ದು ಮನೆಗಳಲ್ಲಿ ನಡೆಯುತ್ತದೆ. ಸನ್ಮಾನದ ಹಣ್ಣಿನ ಬುಟ್ಟಿಗೆ ಸುತ್ತುವ ಪಾರದರ್ಶಕ ಹಾಳೆಯನ್ನು ಇಂದೇ ನಿಲ್ಲಿಸಬಹುದು. ಸ್ಮರಣಿಕೆಯ ಬದಲು ಗ್ರಂಥವನ್ನು, ಅದೂ ಖಾದಿಯ ತುಂಡಿನಲ್ಲಿ ಕಟ್ಟಿ ಕೊಡಬಹುದು. ಜಪಾನಿನಲ್ಲಿ ಫುರೋಷಿಕಿ ಎಂಬ ಚೌಕವಸ್ತ್ರದಲ್ಲಿ ಉಡುಗೊರೆ ಕಟ್ಟುವ ಹಳೆಯ ರೂಢಿಯನ್ನು 2006ರಲ್ಲಿ ಅಲ್ಲಿನ ಪರಿಸರ ಸಚಿವೆಯೇ ಮುಂದೆ ನಿಂತು ಮತ್ತೆ ಪ್ರಚಾರಕ್ಕೆ ತಂದರು. ನಮಗೆ ಬುತ್ತಿಯ ಗಂಟು ನೆನಪಾದರೆ ಸಾಕು. ಕಾರ್ಯಾಲಯ ಬಾಡಿಗೆಗೆ ಕೊಡುವ ಟ್ರಸ್ಟುಗಳು ಕರಾರಿನಲ್ಲಿ ಒಂದು ಕಲಮು ಸೇರಿಸಲಿ: ಪ್ಲಾಸ್ಟಿಕ್ ಹೊದಿಕೆಯ ಉಡುಗೊರೆ ಒಳಗೆ ಬಾರದು, ಬಂದರೆ ಹಾಳೆಯನ್ನು ಬಾಗಿಲಲ್ಲಿಯೇ ಬಿಡಿಸಿ, ತಂದವರ ಕೈಗೆ ಮರಳಿ ಕೊಡಲಾಗುವುದು. ಮುಂದಿನ ಲಗ್ನಸರಾಯಿಗೆ ಪತ್ರಿಕೆಗಳು ಅಚ್ಚಿಗೆ ಹೋಗುವ ಮೊದಲೇ ಟ್ರಸ್ಟಿನ ಸಭೆ ಕರೆದು ಇದನ್ನು ನಿರ್ಣಯಿಸಬೇಕು.