ಸಹಿ ಅಪ್ಪನದು, ನಿರ್ಧಾರ ಯಾರದು?

ಹುಟ್ಟಿದ ಕೂಸಿಗೆ ಗಂಭೀರ ಹೃದಯದೋಷವಿದೆ ಎಂದು ಗೊತ್ತಾದಾಗ ಮುಂದೇನು ಎಂಬುದನ್ನು ತಂದೆ–ತಾಯಿಯೇ ನಿರ್ಧರಿಸಬೇಕು ಎನ್ನುವುದು ಎಲ್ಲರೂ ಒಪ್ಪುವ ಮಾತು. ಆಸ್ಪತ್ರೆಯ ಒಪ್ಪಿಗೆ ಪತ್ರವೂ ಅದನ್ನೇ ಹೇಳುತ್ತದೆ. ಆದರೆ ನಮ್ಮ ಕಡೆ ಆ ನಿರ್ಧಾರ ಆಗುವ ಹೊತ್ತಿಗೆ ಹೆತ್ತವಳು ಸಿಸೇರಿಯನ್ ಆಗಿ ಒಂದು ಆಸ್ಪತ್ರೆಯಲ್ಲಿ ಮಲಗಿರುತ್ತಾಳೆ, ಕೂಸು ಇನ್ನೊಂದು ಆಸ್ಪತ್ರೆಯ ಐಸಿಯುನಲ್ಲಿರುತ್ತದೆ. ಕಾರಿಡಾರಿನಲ್ಲಿ ನಿಂತು ಮಾತಾಡುವವರು ಗಂಡ, ಮಾವ, ಸೋದರಮಾವ ಮತ್ತು ಕಾರು ತಂದ ಪಕ್ಕದ ಮನೆಯವರು.

ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಒಂದಲ್ಲ ಒಂದು ಹೃದಯದೋಷ ಇರುತ್ತದೆ ಎಂಬ ಅಂದಾಜಿದೆ. ಇವೆಲ್ಲಕ್ಕೂ ನಮ್ಮ ಜನ ಇಟ್ಟಿರುವ ಹೆಸರು ಒಂದೇ: ‘ಹಾರ್ಟಿನ್ಯಾಗ ಹೋಲ್’. ಸಣ್ಣ ರಂಧ್ರವಾದರೆ ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದರೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಆಗಬೇಕು. ಆದರೆ ಹೆಚ್ಚಿನ ಮಕ್ಕಳು ಬದುಕಿ, ಉಳಿದವರಂತೆಯೇ ಬೆಳೆಯುತ್ತಾರೆ. ಎಡಭಾಗವೇ ಸರಿಯಾಗಿ ಬೆಳೆಯದ ಹೃದಯವಾದರೆ ಮೂರು ಹಂತದ ಶಸ್ತ್ರಚಿಕಿತ್ಸೆ ಬೇಕು, ಆಮೇಲೂ ಹೃದಯ ಪೂರ್ತಿ ಸರಿಯಾಗುವುದಿಲ್ಲ. ಮೂರೂ ಬೇರೆ ಬೇರೆ ಪ್ರಶ್ನೆಗಳು. ಕುಟುಂಬಗಳು ಉತ್ತರ ಕೊಡುವುದು ಮಾತ್ರ ಆ ಒಂದು ಹೆಸರಿಗೆ.

ನಮ್ಮ ಅಕ್ಕನ ಮಗಳದು ಎರಡನೆಯ ಬಗೆ. ಹಾವೇರಿ ಜಿಲ್ಲೆಯ ಹಳ್ಳಿ ನಮ್ಮದು. ಎರಡನೇ ದಿನ ಕೂಸಿನ ತುಟಿ ನೀಲಿಯಾಯಿತು, ದೊಡ್ಡ ಆಸ್ಪತ್ರೆಗೆ ಒಯ್ದರು. ನಾನಾಗ ಬಿ.ಎಸ್ಸಿ. ಎರಡನೇ ವರ್ಷ. ಕಾಗದವೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. (ಈ ಪುಟ ಓದುವ ನಿಮ್ಮಲ್ಲಿ ಹಲವರು ಮನೆಯಲ್ಲಿ ಇದೇ ಕೆಲಸ ಮಾಡಿರುತ್ತೀರಿ.) ಡಾಕ್ಟರು ‘ಚಾನ್ಸ್ ಇದೆ, ಗ್ಯಾರಂಟಿ ಇಲ್ಲ. ಸಂಜೆಯೊಳಗೆ ತಿಳಿಸಿ, ನಿಮ್ಮ ಇಷ್ಟ’ ಎಂದರು. ಅಕ್ಕನ ಮಾವನವರ ಕಿವಿಗೆ ಬಿದ್ದದ್ದು ‘ಗ್ಯಾರಂಟಿ ಇಲ್ಲ’ ಎಂಬುದಷ್ಟೇ. ‘ಹಂಗಾರ ಕೂಸಿಗೆ ಯಾಕ ತ್ರಾಸ ಕೊಡೂದು? ಇವ್ರಿಗಿನ್ನೂ ವಯಸ್ಸೈತಿ, ಇನ್ನೊಂದು ಆಕ್ಕೈತಿ’ ಎಂದರು. ಅವರು ಕೆಟ್ಟವರಲ್ಲ, ಎರಡು ಎಕರೆ ಹೊಲದ ಲೆಕ್ಕ ಅವರ ತಲೆಯಲ್ಲಿ ಓಡುತ್ತಿತ್ತು. ಅಕ್ಕನಿಗೆ ಫೋನ್ ಹಚ್ಚಿದಾಗ ಆಕೆ ಕೇಳಿದ್ದು ಒಂದೇ ಮಾತು: ‘ಆಪರೇಷನ್ ಮಾಡಿಸಿದ್ರ ಹತ್ತು ಕೂಸಿನ್ಯಾಗ ಎಷ್ಟು ಉಳೀತಾವಂತ ಕೇಳ್ರಿ’. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ‘ಒಂಬತ್ತು’ ಎಂದರು ಡಾಕ್ಟರು. ಭಾವ ರಾತ್ರಿಯೇ ಬೆಂಗಳೂರಿಗೆ ಹೊರಟರು.

ಹಾಗೆಂದು ಶಸ್ತ್ರಚಿಕಿತ್ಸೆ ಬೇಡ ಎಂದವರೆಲ್ಲ ಮಮತೆ ಇಲ್ಲದವರು ಎಂದು ನಾನು ಹೇಳಲಾರೆ. ಬೆಂಗಳೂರಿನಲ್ಲಿ ಪಕ್ಕದ ಬೆಡ್ಡಿನ ಕೂಸಿಗೆ ಇದ್ದದ್ದು ಮೂರನೆಯ ಬಗೆಯ ದೋಷ. ಅಪ್ಪ–ಅಮ್ಮ ಇಬ್ಬರನ್ನೂ ಕೂರಿಸಿ, ಚಿತ್ರ ಬರೆದು, ಎರಡು ದಿನ ಬಿಟ್ಟು ಮತ್ತೆ ಕರೆದು ವಿವರಿಸಿದ ಮೇಲೆ ಅವರು ಮಗುವನ್ನು ಮನೆಗೆ ಕರೆದೊಯ್ದರು. ನೋವಾಗದಂತೆ ನೋಡಿಕೊಳ್ಳುವುದು ಹೇಗೆಂದು ನರ್ಸಮ್ಮ ಹೇಳಿಕೊಟ್ಟು ಕಳಿಸಿದರು. ಅದು ನಿರ್ಧಾರ. ಆಂಬುಲೆನ್ಸ್ ಸಿಗಲಿಲ್ಲ, ದುಡ್ಡು ಹೊಂದಲಿಲ್ಲ, ಹಿರಿಯರು ಒಪ್ಪಲಿಲ್ಲ ಎಂದು ಸಂಜೆ ಕಳೆದುಹೋದರೆ ಅದಕ್ಕೆ ‘ಪೋಷಕರ ತೀರ್ಮಾನ’ ಎಂಬ ಹೆಸರು ಹೊಂದುವುದಿಲ್ಲ.

ದುಡ್ಡಿನ ಮಾತು ಹಿಂದಿಗಿಂತ ಸುಧಾರಿಸಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಉಚಿತ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹೃದಯದೋಷವೂ ಸೇರಿದೆ. ಆದರೆ 300 ಕಿ.ಮೀ.ಗೂ ಹೆಚ್ಚಿನ ದಾರಿಯ ಖರ್ಚು, ತಿಂಗಳಿಡೀ ಲಾಡ್ಜಿನ ಬಾಡಿಗೆ, ತಪ್ಪಿದ ಕೂಲಿ, ಇವು ಕಾರ್ಡಿನಲ್ಲಿ ಬರುವುದಿಲ್ಲ.

ಹೆಣ್ಣುಕೂಸಾದರೆ ಲೆಕ್ಕ ಇನ್ನೂ ಬೇರೆ. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿಸಿಕೊಂಡ ಮಕ್ಕಳ ಪೈಕಿ ಒಂದು ವರ್ಷದೊಳಗೆ ಅದನ್ನು ಮಾಡಿಸಿಕೊಂಡವರು ಗಂಡುಮಕ್ಕಳಲ್ಲಿ ಶೇ 70, ಹೆಣ್ಣುಮಕ್ಕಳಲ್ಲಿ ಶೇ 44. ‘ಎದಿ ಮ್ಯಾಲ ಗುರುತು ಉಳದ್ರ ನಾಳೆ ಯಾರ್ ಮಾಡ್ಕೊಂತಾರ?’ ಎಂಬ ಮಾತು ನಮ್ಮ ಕಾರಿಡಾರಿನಲ್ಲೂ ಕೇಳಿತ್ತು. ಕೂಸಿಗಾಗ ಐದು ದಿನ!

ಗರ್ಭದಲ್ಲೇ ದೋಷ ಕಂಡವರ ವಿಷಯದಲ್ಲಿ ಕಾನೂನು ಬದಲಾಗಿದೆ. 2008ರಲ್ಲಿ ಮುಂಬೈನ ದಂಪತಿ ಭ್ರೂಣದ ಹೃದಯದೋಷದ ಕಾರಣಕ್ಕೆ ಗರ್ಭಪಾತಕ್ಕೆ ಅನುಮತಿ ಕೇಳಿದಾಗ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ, ಅಂದಿನ ಮಿತಿ 20 ವಾರ. 2021ರ ತಿದ್ದುಪಡಿಯ ನಂತರ ಗಂಭೀರ ದೋಷವಿದ್ದರೆ 24 ವಾರದ ಆಚೆಗೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಅರ್ಜಿಗೆ 3 ದಿನದೊಳಗೆ ಉತ್ತರಿಸಬೇಕು. ಸಮಯವೇನೋ ಸಿಕ್ಕಿತು. ಆದರೆ ಹುಟ್ಟುವ ಮಗುವಿನ ಹೃದಯ ಎಷ್ಟು ಸರಿಪಡಿಸಲು ಬರುತ್ತದೆ ಎಂದು ಕನ್ನಡದಲ್ಲಿ ಕೂತು ವಿವರಿಸುವವರು ಸಿಗದಿದ್ದರೆ, ಹೆದರಿಕೆಯೇ ಆ ದಿನಗಳನ್ನು ತಿಂದುಹಾಕುತ್ತದೆ.

ಕೇಳುವುದು ದೊಡ್ಡದೇನಲ್ಲ. ವಾರ್ಡಿನಲ್ಲಿರುವ ತಾಯಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿ ಡಾಕ್ಟರು ಮಾತಾಡಲಿ. ದೋಷದ ಹೆಸರು, ಚಿಕಿತ್ಸೆ, ಎಷ್ಟು ಮಕ್ಕಳು ಬದುಕುತ್ತಾರೆ ಎಂಬುದು ಕನ್ನಡದ ಒಂದು ಹಾಳೆಯಲ್ಲಿರಲಿ. ಹುಟ್ಟಿದ 24 ಗಂಟೆಯ ನಂತರ ಕೂಸಿನ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಚ್ಚಿದರೆ ಗಂಭೀರ ದೋಷಗಳಲ್ಲಿ ಹಲವು ತುಟಿ ನೀಲಿಯಾಗುವ ಮೊದಲೇ ಗೊತ್ತಾಗುತ್ತವೆ. ಕೆಲವೇ ನಿಮಿಷದ ಕೆಲಸ. ಕೊರೊನಾ ಕಾಲದಲ್ಲಿ ಆ ಯಂತ್ರ ನಮ್ಮೂರ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಇತ್ತು. ಕೂಸಿಗೆ ಬೇಕಾದ ಸಣ್ಣ ಪ್ರೋಬನ್ನು ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡುಗಳಿಗೆ ಒದಗಿಸಬೇಕು.